ಹೆದರಿದವರ ಪ್ರೀತಿಯ ಹಾಡು



ಸಂಗೀತಕ್ಕೂ ಸಮಾಜಕ್ಕೂ ಇರುವ ನಂಟಿನ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ಸಭೆ ನಡೆಸುವ ದತ್ತಿಯ ಆಶಯ. ಅದಕ್ಕೆ ನಾನು ಇಂದು ಒಂದೇ ಒಂದು ಹಾಡನ್ನು ಎತ್ತಿಕೊಂಡಿದ್ದೇನೆ. ಅದು ಅಮೆರಿಕದ ರಾಕ್ ಸಂಗೀತದ ಹಾಡು, ಹೆಸರು ‘ಗೆಟ್ ಟುಗೆದರ್’. ಬರೆದವನು ಚೆಟ್ ಪವರ್ಸ್. ಲೋಕ ಅದನ್ನು ಬಲ್ಲದ್ದು ‘ಯಂಗ್‌ಬ್ಲಡ್ಸ್’ ತಂಡ 1967ರಲ್ಲಿ ಹೊರತಂದ ಧ್ವನಿಮುದ್ರಿಕೆಯಿಂದ. ನಾಲ್ಕೂವರೆ ನಿಮಿಷದ ಈ ಹಾಡು ಕೇಳುವುದು ಇಷ್ಟೇ: ನಾವೆಲ್ಲ ಒಂದಾಗೋಣ, ಒಬ್ಬರನ್ನೊಬ್ಬರು ಪ್ರೀತಿಸಲು ಯತ್ನಿಸೋಣ, ಅದೂ ಈಗಲೇ.

ಹಿಪ್ಪಿಗಳ ಕಾಲದ ವಿಶ್ವಪ್ರೇಮದ ಹಾಡುಗಳ ಬಗ್ಗೆ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಆ ಕಾಲ ಎಷ್ಟು ಚೆನ್ನಾಗಿತ್ತು ಎಂದು ಕಣ್ಣರಳಿಸುವವರು ಕೆಲವರು. ತಲೆಗೆ ಹೂ ಮುಡಿದ ಹುಡುಗರು ಅಮಲಿನಲ್ಲಿ ಹಾಡಿದ ಹಸಿ ಆಸೆ ಎಂದು ತಳ್ಳಿಹಾಕುವವರು ಹಲವರು. ಈ ಎರಡೂ ಮಾತುಗಳು ಹಾಡನ್ನು ಪೂರ್ತಿ ಕೇಳದೆ ಹುಟ್ಟಿದವು ಎಂಬುದು ನನ್ನ ಅನಿಸಿಕೆ. ‘ಗೆಟ್ ಟುಗೆದರ್’ನಲ್ಲಿ ಪ್ರೀತಿಯ ಹೆಸರು ಬಂದ ಬೆನ್ನಿಗೇ ಭಯದ ಹೆಸರೂ ಬರುತ್ತದೆ. ನಡುವಿನ ಚರಣದಲ್ಲಿ ಸಾವು ಬರುತ್ತದೆ. ನಾವು ಇಲ್ಲಿರುವುದು ಕೆಲವೇ ದಿನ ಮಾತ್ರ, ನಮ್ಮನ್ನು ಇಲ್ಲಿ ಬಿಟ್ಟುಹೋದವನು ಮರಳಿ ಬರುತ್ತಾನೆ ಎಂಬ ಕ್ರೈಸ್ತ ನಂಬಿಕೆಯ ನೆರಳೂ ಇದೆ. ಕೊನೆಯ ಚರಣ ಕೇಳುಗನ ಕೈಗೇ ಬರುತ್ತದೆ. ಆ ಕೈ ನಡುಗುತ್ತಿದೆ. ಪ್ರೀತಿಯೂ ಭಯವೂ ಆ ಒಂದೇ ಕೈಯ ಅಧೀನದಲ್ಲಿವೆ ಎನ್ನುತ್ತದೆ ಹಾಡು. ಇದನ್ನು ಬರೆದವನಿಗೆ ಲೋಕದ ಕಷ್ಟ ಗೊತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಚೆಟ್ ಪವರ್ಸ್ ಹುಟ್ಟಿದ್ದು 1937ರಲ್ಲಿ, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ. ಅಪ್ಪ ಅಮ್ಮ ಊರೂರು ಸುತ್ತುವ ಕಾರ್ನಿವಲ್‌ಗಳಲ್ಲಿ ದುಡಿಯುತ್ತಿದ್ದವರು. ಹುಡುಗ ಬೆಳೆದು ಡಿನೊ ವ್ಯಾಲೆಂಟಿ ಎಂದು ಹೆಸರಿಟ್ಟುಕೊಂಡು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿಗೆ ಬಂದ. 1960ರ ದಶಕದ ಮೊದಲ ವರ್ಷಗಳಲ್ಲಿ ಆ ಬಡಾವಣೆಯ ಕಾಫಿ ಹೌಸ್‌ಗಳೇ ಜಾನಪದ ಗಾಯಕರ ಅನ್ನದ ದಾರಿ. ಎಷ್ಟೋ ಕಡೆ ಗಾಯಕರಿಗೆ ಸಂಬಳವೇ ಇರಲಿಲ್ಲ. ಹಾಡು ಮುಗಿದ ಮೇಲೆ ಬುಟ್ಟಿ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು, ಬಿದ್ದಷ್ಟು ಚಿಲ್ಲರೆ ಅವರದು. ಒಬ್ಬ ಹಾಡಿದ್ದನ್ನು ಇನ್ನೊಬ್ಬ ಕೇಳಿ ಕಲಿತು ಮರುದಿನ ಪಕ್ಕದ ಬೀದಿಯಲ್ಲಿ ಹಾಡುತ್ತಿದ್ದ. ಬಾಬ್ ಡಿಲನ್ ಬಂದು ಸೇರಿದ್ದೂ ಇದೇ ಬೀದಿಗಳಿಗೆ. ಕ್ಯೂಬಾದ ಕ್ಷಿಪಣಿಗಳ ಬಿಕ್ಕಟ್ಟು 1962ರ ಅಕ್ಟೋಬರಿನಲ್ಲಿ. ಅಣುಬಾಂಬು ನಾಳೆಯೇ ಬೀಳಬಹುದು ಎಂದು ಇಡೀ ದೇಶ ಉಸಿರು ಬಿಗಿಹಿಡಿದ ದಿನಗಳವು. ವ್ಯಾಲೆಂಟಿಯ ಹಾಡು ಆ ವರ್ಷಗಳ ಕೂಸು. ಅದನ್ನು ಹಿಪ್ಪಿ ಹಾಡು ಎಂದು ಕರೆಯುವಾಗ ನಾವು ಮರೆಯುವುದು ಇದನ್ನೇ: ಹಿಪ್ಪಿಗಳು ಬರುವುದಕ್ಕೆ ಮೊದಲೇ ಹಾಡು ಬಂದಿತ್ತು. ಆಮೇಲೆ ಬಂದವರು ತಮಗೆ ಬೇಕಾದ ಮಾತು ಅದರಲ್ಲಿ ಆಗಲೇ ಇರುವುದನ್ನು ಕಂಡರು.

ವ್ಯಾಲೆಂಟಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲಿ ಗಾಂಜಾ ಇಟ್ಟುಕೊಂಡಿದ್ದಕ್ಕೆ ಸಿಕ್ಕಿಬಿದ್ದ. ಆ ಮೊಕದ್ದಮೆ ಇತ್ಯರ್ಥವಾಗುವ ಮೊದಲೇ ಮತ್ತೊಮ್ಮೆ ಸಿಕ್ಕಿಬಿದ್ದ. ವಕೀಲರಿಗೆ ಕೊಡಲು ಹಣ ಬೇಕಾಯಿತು. ಅವನ ಬಳಿ ಮಾರುವಂಥದ್ದು ಇದ್ದದ್ದು ಈ ಹಾಡು. ‘ಕಿಂಗ್‌ಸ್ಟನ್ ಟ್ರಯೊ’ ತಂಡದ ವ್ಯವಸ್ಥಾಪಕ ಫ್ರಾಂಕ್ ವರ್ಬರ್ ಅದರ ಹಕ್ಕುಗಳನ್ನು ಕೊಂಡುಕೊಂಡ. ಹೀಗೆ, ಮನುಷ್ಯರೆಲ್ಲ ಒಂದಾಗಿ ಎಂದು ಬರೆದವನು ಕಂಬಿಯ ಹಿಂದೆ ಸೇರಿದ, ಹಾಡು ಅವನನ್ನು ಬಿಟ್ಟು ಊರು ಸುತ್ತಲು ಹೊರಟಿತು.

ನಮ್ಮ ಕಡೆ ಹಾಡಿನ ಒಡೆತನ ಹಾಡಿನೊಳಗೇ ಇರುತ್ತದೆ. ಪುರಂದರದಾಸರ ಪದವನ್ನು ಯಾರೇ ಹಾಡಲಿ, ಎಲ್ಲೇ ಹಾಡಲಿ, ಕೊನೆಗೆ ಪುರಂದರವಿಠಲ ಎಂದು ಬಂದೇ ಬರುತ್ತದೆ. ಶಿಶುನಾಳ ಶರೀಫರ ಪದವೂ ಹಾಗೆಯೇ. ಅಂಕಿತ ಇರುವ ಹಾಡನ್ನು ಕಾಗದದ ಮೇಲೆ ಯಾರು ಯಾರಿಗೆ ಬರೆದುಕೊಟ್ಟರೂ ಕರ್ತೃ ಅಳಿಯುವುದಿಲ್ಲ. ವ್ಯಾಲೆಂಟಿಗೆ ಆ ರಕ್ಷಣೆ ಇರಲಿಲ್ಲ. ಹಾಡಿನ ಹಕ್ಕನ್ನು ಮಾರುವ ವ್ಯವಸ್ಥೆಯಲ್ಲಿ ಹೆಸರು ಇರುವುದು ಧ್ವನಿಮುದ್ರಿಕೆಯ ನಡುವಿನ ಚೀಟಿಯಲ್ಲಿ, ಆ ಚೀಟಿಯಾದರೂ ಅನೇಕ ಸಲ ತಪ್ಪು. ಬಿಲ್ಲಿ ರಾಬರ್ಟ್ಸ್ 1962ರಲ್ಲೇ ತನ್ನ ಹೆಸರಿಗೆ ನೋಂದಾಯಿಸಿದ್ದ ‘ಹೇ ಜೋ’ ಹಾಡಿನ ಕೆಲವು ಮುದ್ರಿಕೆಗಳಲ್ಲಿ ಕರ್ತೃ ಎಂದು ವ್ಯಾಲೆಂಟಿಯ ಹೆಸರಿದೆ. ತನ್ನದಲ್ಲದ ಹಾಡಿಗೆ ಹೆಸರು ಬಂತು, ತನ್ನದೇ ಹಾಡು ಕೈಬಿಟ್ಟು ಹೋಯಿತು.

‘ಗೆಟ್ ಟುಗೆದರ್’ ಹಾಡನ್ನು ಮೊದಲು ಹಾಡಿ ಹರಡಿದವರಲ್ಲಿ ಕಿಂಗ್‌ಸ್ಟನ್ ಟ್ರಯೊದವರೂ ಸೇರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ‘ಹಂಗ್ರಿ ಐ’ ಎಂಬ ಕ್ಲಬ್ಬಿನಲ್ಲಿ ಸಭಿಕರ ಎದುರು ಹಾಡಿ 1964ರ ‘ಬ್ಯಾಕ್ ಇನ್ ಟೌನ್’ ಆಲ್ಬಮ್ಮಿನಲ್ಲಿ ಸೇರಿಸಿದರು. ಆಗ ಹಾಡಿನ ಹೆಸರು ‘ಲೆಟ್ಸ್ ಗೆಟ್ ಟುಗೆದರ್’. ಅಂಗಿ ಇಸ್ತ್ರಿ ಮಾಡಿಕೊಂಡ ಕಾಲೇಜು ಹುಡುಗರ ಚೊಕ್ಕಟ ಗಾಯನ ಅದು. ಮರುವರ್ಷ ‘ವಿ ಫೈವ್’ ತಂಡ ಹಾಡಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 31ನೆಯ ಸ್ಥಾನ ಮುಟ್ಟಿತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಜೆಫರ್ಸನ್ ಏರ್‌ಪ್ಲೇನ್’ ತಂಡ ತನ್ನ ಮೊದಲ ಆಲ್ಬಮ್ಮಿಗೆ ಇದನ್ನು ಆರಿಸಿಕೊಂಡಿತು. ಮಾರ್ಟಿ ಬ್ಯಾಲಿನ್, ಪಾಲ್ ಕ್ಯಾಂಟ್ನರ್, ಸಿಗ್ನಿ ಆಂಡರ್ಸನ್ ಮೂವರ ಕಂಠ ಅದರಲ್ಲಿ ಹೆಣೆದುಕೊಂಡಿದೆ. ಬ್ಯಾಲಿನ್ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಯಂಗ್‌ಬ್ಲಡ್ಸ್ ಕತೆ. ತಂಡದ ಗಾಯಕ ಜೆಸ್ಸಿ ಕಾಲಿನ್ ಯಂಗ್. ಅವನ ನಿಜವಾದ ಹೆಸರು ಪೆರ್ರಿ ಮಿಲ್ಲರ್. ಜೆಸ್ಸಿ ಜೇಮ್ಸ್, ಕೋಲ್ ಯಂಗರ್ ಎಂಬ ಹಳೆಯ ಕಾಲದ ಇಬ್ಬರು ದರೋಡೆಕೋರರ ಹೆಸರಿನಿಂದಲೂ ರೇಸ್ ಕಾರು ಕಟ್ಟುತ್ತಿದ್ದ ಕಾಲಿನ್ ಚ್ಯಾಪ್ಮನ್ ಹೆಸರಿನಿಂದಲೂ ತುಣುಕು ತೆಗೆದು ಕಟ್ಟಿಕೊಂಡ ವೇದಿಕೆಯ ಹೆಸರು ಅದು. ಗ್ರೀನಿಚ್ ವಿಲೇಜಿನ ಬ್ಲೀಕರ್ ಬೀದಿಯಲ್ಲಿ ‘ಕೆಫೆ ಓ ಗೋ ಗೋ’ ಎಂಬ ನೆಲಮಾಳಿಗೆಯ ಕ್ಲಬ್ ಇತ್ತು. ಯಂಗ್‌ಬ್ಲಡ್ಸ್ ಅಲ್ಲಿ ನುಡಿಸುತ್ತಿದ್ದರು, ಅಭ್ಯಾಸವೂ ಅಲ್ಲೇ. ಒಂದು ದಿನ ಯಂಗ್ ಮೆಟ್ಟಿಲಿಳಿದು ಹೋದಾಗ ವೇದಿಕೆಯ ಮೇಲೆ ಬಝಿ ಲಿನ್‌ಹಾರ್ಟ್ ಎಂಬ ಗಾಯಕ ಈ ಹಾಡನ್ನು ಹಾಡುತ್ತಿದ್ದ. ಯಂಗ್ ನಿಂತಲ್ಲೇ ನಿಂತ. ಹಾಡು ಮುಗಿದ ಮೇಲೆ ಒಳಗೆ ಹೋಗಿ ಸಾಹಿತ್ಯ ಬರೆದುಕೊಡು ಎಂದು ಲಿನ್‌ಹಾರ್ಟನನ್ನು ಕೇಳಿದ. ಬರೆದು ತಂದದ್ದನ್ನು ತಂಡದ ಮುಂದಿಟ್ಟ. ಕಿಂಗ್‌ಸ್ಟನ್ ಟ್ರಯೊ, ಜೆಫರ್ಸನ್ ಏರ್‌ಪ್ಲೇನ್‌ಗಳ ಮುದ್ರಿಕೆಗಳು ಆಗಲೇ ಹೊರಬಂದಿದ್ದರೂ ಯಂಗ್‌ಗೆ ಹಾಡು ಸಿಕ್ಕಿದ್ದು ಬಾಯಿಂದ ಕಿವಿಗೆ, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಾಗದದ ಮೇಲೆ ಬರೆದುಕೊಟ್ಟು. ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಲಿನ್‌ಹಾರ್ಟ್ ಕೂಡ ಹಾಡಿ ಹೊಟ್ಟೆ ಹೊರೆಯಬೇಕಾದವನೇ. ಒಳ್ಳೆಯ ಹಾಡನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ.

ಸಂಗೀತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಕಾಲದ ಸೈಕೆಡೆಲಿಕ್ ಸಂಗೀತವೆಂದರೆ ಟೇಪನ್ನು ಹಿಂದುಮುಂದಾಗಿ ಓಡಿಸುವುದು, ಧ್ವನಿಯನ್ನು ಪ್ರತಿಧ್ವನಿಯಲ್ಲಿ ಮುಳುಗಿಸುವುದು, ಗಿಟಾರನ್ನು ಕಿರುಚಿಸುವುದು, ಹೀಗೆ ಕೇಳುಗನ ಕಾಲಪ್ರಜ್ಞೆಯನ್ನು ಅಲ್ಲಾಡಿಸುವ ಸ್ಟುಡಿಯೊ ಚಮತ್ಕಾರಗಳು ನೆನಪಾಗುತ್ತವೆ. ಫೆಲಿಕ್ಸ್ ಪಪ್ಪಲಾರ್ಡಿ ನಿರ್ಮಿಸಿದ ಯಂಗ್‌ಬ್ಲಡ್ಸ್ ಮುದ್ರಿಕೆಯಲ್ಲಿ ಅವು ಯಾವುವೂ ಇಲ್ಲ. ಗಿಟಾರ್ ಒಂದು ಸಣ್ಣ ಎಳೆಯನ್ನು ಅವಸರವಿಲ್ಲದೆ ಬಿಡಿಸುತ್ತದೆ. ಚರಣದ ಉದ್ದಕ್ಕೂ ಸ್ವರಮೇಳಗಳು ಎರಡೇ: ಒಂದು ಷಡ್ಜದ ಮೇಲೆ ಕಟ್ಟಿದ್ದು, ಇನ್ನೊಂದು ಅದರ ಕೆಳಗಿನ ಕೈಶಿಕಿ ನಿಷಾದದ ಮೇಲೆ ಕಟ್ಟಿದ್ದು. ಕರ್ನಾಟಕ ಸಂಗೀತ ಬಲ್ಲವರಿಗೆ ಹರಿಕಾಂಭೋಜಿಯ ಸ್ವರಸ್ಥಾನಗಳು ಕಣ್ಣಿಗೆ ಕಟ್ಟಬಹುದು. ರಾಗ ಹರಿಕಾಂಭೋಜಿ ಎಂದು ನಾನು ಹೇಳುತ್ತಿಲ್ಲ. ಗಮಕವಿಲ್ಲ, ಸಂಚಾರವಿಲ್ಲ, ಬರೀ ಸ್ವರಸ್ಥಾನದ ಹೋಲಿಕೆ. ಪಾಶ್ಚಾತ್ಯ ಹಾಡುಗಳಲ್ಲಿ ಕಾಕಲಿ ನಿಷಾದ ಷಡ್ಜಕ್ಕೆ ಹೋಗಲು ಹಾತೊರೆಯುತ್ತದೆ, ಆ ಹಾತೊರೆತವೇ ಹಾಡನ್ನು ಮುಂದೂಡುತ್ತದೆ. ಇಲ್ಲಿನ ನಿಷಾದಕ್ಕೆ ಆ ತವಕವಿಲ್ಲ. ಷಡ್ಜದಿಂದ ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಭಯದ ಮಾತು, ಸಾವಿನ ಮಾತು ಬರುವುದು ಈ ಇಳಿದು ಹತ್ತುವ ತೂಗಾಟದ ಮೇಲೆ. ಯಂಗ್ ಅದನ್ನು ಗಂಟಲು ಬಿಗಿಯದೆ, ಕಣ್ಣೀರು ಸುರಿಸದೆ, ಎದುರಿಗೆ ಕೂತವರೊಡನೆ ಮಾತಾಡುವ ಎತ್ತರದಲ್ಲಿ ಹಾಡುತ್ತಾನೆ.

ಆಮೇಲೆ ಪಲ್ಲವಿ. ಎರಡು ಮೆಟ್ಟಿಲುಗಳ ನಡುವೆ ಆಡುತ್ತಿದ್ದ ಹಾಡು ಮಧ್ಯಮಕ್ಕೆ, ಅಲ್ಲಿಂದ ಪಂಚಮಕ್ಕೆ ಏರಿ ಷಡ್ಜಕ್ಕೆ ಬಂದು ಕೂರುತ್ತದೆ. ಒಂಟಿ ಧ್ವನಿಯ ಜೊತೆಗೆ ಉಳಿದವರ ಧ್ವನಿ ಸೇರುತ್ತದೆ. ಚರಣದಲ್ಲಿ ಒಬ್ಬ ಹೆದರಿದ ಮನುಷ್ಯ ಯೋಚಿಸುತ್ತಿದ್ದ. ಪಲ್ಲವಿಯಲ್ಲಿ ಕೆಲವರು ಜೊತೆಗೂಡಿದ್ದಾರೆ. ಹಾಡಿನ ಕೊನೆಯಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಪ್ರತಿಸಲವೂ ಒತ್ತಾಯ ಹೆಚ್ಚುತ್ತದೆ, ಈಗಲೇ ಎಂಬ ಮಾತಿಗೆ ಹಾಡು ನಿಲ್ಲುತ್ತದೆ. ಪ್ರೀತಿ ಇದೆ ಎಂದು ಈ ಹಾಡು ಎಲ್ಲಿಯೂ ಘೋಷಿಸುವುದಿಲ್ಲ. ಪ್ರೀತಿಸಲು ಯತ್ನಿಸಿ ಎಂದು ಕೇಳಿಕೊಳ್ಳುತ್ತದೆ. ಕೇಳಿಕೊಳ್ಳುವವನು ತನ್ನನ್ನೂ ಆ ಗುಂಪಿನೊಳಗೇ ಎಣಿಸಿಕೊಂಡಿದ್ದಾನೆ.

1967ರದೇ ಇನ್ನೆರಡು ಹಾಡುಗಳನ್ನು ಪಕ್ಕಕ್ಕಿಟ್ಟರೆ ನನ್ನ ಮಾತು ಸ್ಪಷ್ಟವಾದೀತು. ಎರಡೂ ಬೀಟಲ್ಸ್ ತಂಡದವು. ಒಂದು, ಜಾನ್ ಲೆನನ್ ಬರೆದ ‘ಆಲ್ ಯು ನೀಡ್ ಈಸ್ ಲವ್’. 1967ರ ಜೂನ್ 25ರಂದು ಉಪಗ್ರಹಗಳ ಮೂಲಕ ಹಲವು ದೇಶಗಳಿಗೆ ಒಮ್ಮೆಲೇ ನೇರಪ್ರಸಾರವಾದ ‘ಅವರ್ ವರ್ಲ್ಡ್’ ಕಾರ್ಯಕ್ರಮದಲ್ಲಿ ಬ್ರಿಟನ್ನಿನ ಪರವಾಗಿ ಹಾಡಿದ್ದು. 14 ದೇಶಗಳು ಅದಕ್ಕೆ ಕಾರ್ಯಕ್ರಮ ಒದಗಿಸಿದವು. ರಾಜಕಾರಣಿಗಳಿಗೆ, ರಾಷ್ಟ್ರಾಧ್ಯಕ್ಷರಿಗೆ ಅದರಲ್ಲಿ ಜಾಗವಿಲ್ಲ ಎಂಬ ನಿಯಮವಿತ್ತು. ಆದರೂ ರಾಜಕಾರಣ ಬಿಡಲಿಲ್ಲ: ಅದೇ ತಿಂಗಳು ನಡೆದ ಅರಬ್–ಇಸ್ರೇಲ್ ಆರು ದಿನಗಳ ಯುದ್ಧದ ಹಿನ್ನೆಲೆಯಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಯ ದೇಶಗಳು ಕೊನೆಗಳಿಗೆಯಲ್ಲಿ ಹಿಂದೆ ಸರಿದವು. ಲಂಡನ್ನಿನ ಇಎಂಐ ಸ್ಟುಡಿಯೊದ ನೆಲದ ಮೇಲೆ ಹೂವು, ಬಲೂನುಗಳ ನಡುವೆ ಕೂತಿದ್ದವರಲ್ಲಿ ಮಿಕ್ ಜ್ಯಾಗರ್ ಒಬ್ಬ; ಮಾದಕವಸ್ತುವಿನ ಆಪಾದನೆಯ ಮೇಲೆ ಅವನ ವಿಚಾರಣೆ ಎರಡು ದಿನಗಳಲ್ಲಿ ಶುರುವಾಗುವುದಿತ್ತು. ಆ ಹಾಡಿನ ಚರಣ ಹೆಚ್ಚಾಗಿ ಏಳು ಎಣಿಕೆಯದು. ಮಿಶ್ರ ಛಾಪು ತಾಳ ಹಾಕಿ ಅಭ್ಯಾಸವಿರುವ ನಮಗೆ ಏಳು ಹೊಸದಲ್ಲ, ಎಂಟಕ್ಕೆ ಹೊಂದಿದ ರಾಕ್ ಕಿವಿಗೆ ಅದು ಎಡವಿದಂತೆ ಕೇಳುತ್ತದೆ. ಪಲ್ಲವಿಗೆ ಬಂದಾಗ ಎಣಿಕೆ ನಾಲ್ಕಕ್ಕೆ ಸಮವಾಗಿ ಊರೆಲ್ಲ ಹಾಡಬಹುದಾದ ಘೋಷಣೆಯಾಗುತ್ತದೆ. ಲೆನನ್‌ನ ಆ ಪ್ರತಿಭೆಯನ್ನು ನಾನು ಪ್ರೀತಿಸುತ್ತೇನೆ. ಆದರೆ ಅದು ಮೇಲಿನಿಂದ ಬಂದ ಘೋಷಣೆ. ಫ್ರಾನ್ಸಿನ ರಾಷ್ಟ್ರಗೀತೆಯ ಸ್ವರದಿಂದ ಶುರುವಾಗುವ, ಇಡೀ ಲೋಕವನ್ನು ಉದ್ದೇಶಿಸಿ ಹೊರಟ ಸಂದೇಶ. ಅದರೊಳಗೆ ಹೆದರಿದವನು ಕೂರಲು ಜಾಗ ಕಡಿಮೆ.

ಇನ್ನೊಂದು, ಜಾರ್ಜ್ ಹ್ಯಾರಿಸನ್‌ನ ‘ವಿದಿನ್ ಯು ವಿದೌಟ್ ಯು’. ಹ್ಯಾರಿಸನ್ 1966ರಲ್ಲಿ ಮುಂಬಯಿಗೆ ಬಂದು ಪಂಡಿತ್ ರವಿಶಂಕರರ ಬಳಿ ಸಿತಾರ್ ಕಲಿತ. ಮರುವರ್ಷ ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಕಲಾವಿದರನ್ನು ಕರೆಸಿ ದಿಲ್‌ರುಬಾ, ಸ್ವರಮಂಡಲ, ತಬಲಾ, ತಂಬೂರಗಳೊಡನೆ ಈ ಹಾಡನ್ನು ಮುದ್ರಿಸಿದ. ಉಳಿದ ಮೂವರು ಬೀಟಲ್ಸ್ ಅದರಲ್ಲಿ ಇಲ್ಲ. ಸ್ವರಸ್ಥಾನಗಳು ಖಮಾಜ್ ಥಾಟಿನವು, ಅಂದರೆ ಮತ್ತೆ ನಮ್ಮ ಹರಿಕಾಂಭೋಜಿಯವೇ. ನಮ್ಮ ನಡುವೆ ಎದ್ದಿರುವ ಗೋಡೆ ಭ್ರಮೆ, ಎಲ್ಲವೂ ಒಂದೇ ಎಂಬ ವೇದಾಂತ ಅದರ ಸಾರ. ಅದು ಬಲ್ಲವನು ಹೇಳುವ ಮಾತು. ಆಳ ಇದೆ, ಆದರೆ ಕೇಳುಗ ಶಿಷ್ಯನ ಸ್ಥಾನದಲ್ಲಿ ಕೂರಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಹ್ಯಾರಿಸನ್ ಹಿಪ್ಪಿಗಳ ಕೇಂದ್ರವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿಗೆ ಹೋಗಿ, ಅಲ್ಲಿ ನಶೆಯಲ್ಲಿ ಬಿದ್ದಿದ್ದ ಎಳೆಯರನ್ನು ಕಂಡು ಮನಸ್ಸು ಮುರಿದುಕೊಂಡು ಬಂದ. ಆಮೇಲೆ ಎಲ್‌ಎಸ್‌ಡಿಯ ಸಹವಾಸ ಬಿಟ್ಟ. ರವಿಶಂಕರರಿಗೂ ತಮ್ಮ ಸಂಗೀತವನ್ನು ಆ ಹುಡುಗರು ನಶೆಯ ಜೊತೆ ಕೂಡಿಸುತ್ತಿದ್ದುದು ಸರಿಬರಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಬೋಧನೆಯೂ ಇಲ್ಲದ, ಘೋಷಣೆಯೂ ಇಲ್ಲದ ‘ಗೆಟ್ ಟುಗೆದರ್’ ಆ ವರ್ಷ ಗೆಲ್ಲಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 62ಕ್ಕೆ ಬಂದು ಜಾರಿಹೋಯಿತು. 1967ನ್ನು ಪ್ರೀತಿಯ ಬೇಸಿಗೆ ಎಂದು ಕರೆಯುವುದು ವಾಡಿಕೆ. ಅದೇ ಬೇಸಿಗೆಯಲ್ಲಿ ನ್ಯೂವಾರ್ಕ್ ನಗರದಲ್ಲಿ ಗಲಭೆಯಾಗಿ 26 ಮಂದಿ ಸತ್ತರು, ಡೆಟ್ರಾಯಿಟಿನಲ್ಲಿ 43 ಮಂದಿ ಸತ್ತರು. ವರ್ಷದ ಕೊನೆಗೆ ವಿಯೆಟ್ನಾಮಿನಲ್ಲಿ ಅಮೆರಿಕದ ಸೈನಿಕರ ಸಂಖ್ಯೆ ನಾಲ್ಕೂಮುಕ್ಕಾಲು ಲಕ್ಷ ದಾಟಿತ್ತು. ಹೇಟ್-ಆಶ್‌ಬರಿಯ ಹಳಬರೇ ಅಕ್ಟೋಬರ್ 6ರಂದು ಹಿಪ್ಪಿಯ ಶವಯಾತ್ರೆ ಎಂದು ಪೆಟ್ಟಿಗೆ ಹೊತ್ತು ಬೀದಿಯಲ್ಲಿ ಮೆರವಣಿಗೆ ನಡೆಸಿದರು. 1968 ಇನ್ನೂ ಕೆಟ್ಟದಾಗಿ ಬಂತು: ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆ.

ಹಾಡು ಮತ್ತೆ ಎದ್ದದ್ದು ಇದೆಲ್ಲ ಆದ ಮೇಲೆ, ಯಾರೂ ಎಣಿಸಿರದ ದಿಕ್ಕಿನಿಂದ. ಅಮೆರಿಕದಲ್ಲಿ ಕ್ರೈಸ್ತರ ಮತ್ತು ಯಹೂದಿಗಳ ರಾಷ್ಟ್ರೀಯ ಸಮ್ಮೇಳನ ಎಂಬ ಸಂಸ್ಥೆ ಇತ್ತು. 1927ರಲ್ಲಿ ಹುಟ್ಟಿದ್ದು. ಕ್ಯಾಥೊಲಿಕರ, ಯಹೂದಿಗಳ ವಿರುದ್ಧ ದ್ವೇಷ ಹಬ್ಬುತ್ತಿದ್ದ ದಿನಗಳಲ್ಲಿ ಧರ್ಮಗಳ ನಡುವೆ ಮಾತುಕತೆ ನಡೆಯಲಿ ಎಂದು ಹಿರಿಯರು ಸೇರಿ ಕಟ್ಟಿದ್ದು. ಅದು ವರ್ಷಕ್ಕೊಮ್ಮೆ ಸೋದರತ್ವ ಸಪ್ತಾಹ ಆಚರಿಸುತ್ತಿತ್ತು. ಗಣಿತದ ಅಧ್ಯಾಪಕನೂ ವಿಡಂಬನೆಯ ಹಾಡುಗಾರನೂ ಆಗಿದ್ದ ಟಾಮ್ ಲೆಹ್ರರ್ 1965ರಲ್ಲಿ ಆ ಸಪ್ತಾಹದ ಮೇಲೆಯೇ ಒಂದು ಹಾಡು ಕಟ್ಟಿ, ವರ್ಷವಿಡೀ ದ್ವೇಷಿಸಿ ಒಂದು ವಾರ ಕೈಕುಲುಕುವ ಶಿಷ್ಟಾಚಾರವನ್ನು ಗೇಲಿ ಮಾಡಿದ್ದ. ಆ ಗೇಲಿಯಲ್ಲಿ ಹುರುಳಿತ್ತು. ಅದೇ ಸಂಸ್ಥೆ ರೇಡಿಯೊದ ಸಾರ್ವಜನಿಕ ಹಿತದ ಪ್ರಕಟಣೆಯೊಂದಕ್ಕೆ ಯಂಗ್‌ಬ್ಲಡ್ಸ್ ಹಾಡನ್ನು ಬಳಸಿಕೊಂಡಿತು. ಇಂಥ ಪ್ರಕಟಣೆಗಳನ್ನು ಕೇಂದ್ರಗಳು ಹಣ ಪಡೆಯದೆ ಬಿತ್ತರಿಸುತ್ತಿದ್ದವು. ಹೀಗಾಗಿ ರಾಕ್ ಸಂಗೀತದ ಕೇಂದ್ರಕ್ಕೆ ಎಂದೂ ತಿರುಗಿಸದ ಗೃಹಿಣಿಯರ, ಅಂಗಡಿಯವರ, ಕಾರಿನಲ್ಲಿ ಕಚೇರಿಗೆ ಹೋಗುವವರ ಕಿವಿಗೂ ಹಾಡು ಬಿತ್ತು. ಕೇಂದ್ರಗಳಿಗೆ ಕರೆ ಬರತೊಡಗಿತು. ಆರ್‌ಸಿಎ ಕಂಪನಿ 1969ರಲ್ಲಿ ಅದೇ ಮುದ್ರಿಕೆಯನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಸೆಪ್ಟೆಂಬರ್ ಹೊತ್ತಿಗೆ 5ನೆಯ ಸ್ಥಾನ, ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಚಿನ್ನದ ತಟ್ಟೆ.

ಒಂದು ಸ್ವರವೂ ಬದಲಾಗಿರಲಿಲ್ಲ. ಎರಡು ವರ್ಷದ ಹಿಂದೆ ಹೂವಿನ ಸಂಭ್ರಮದಲ್ಲಿದ್ದವರಿಗೆ ಹಾಡಿನೊಳಗಿನ ಭಯ ಕೇಳಿಸಿರಲಿಲ್ಲ. ಕಿಂಗ್ ಸತ್ತ ಮೇಲೆ, ಮಕ್ಕಳ ಶವ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬರುವುದು ಹೆಚ್ಚಿದ ಮೇಲೆ ಕೇಳಿಸಿತು. ಈ ವಿವರಣೆಗೆ ನನ್ನ ಬಳಿ ಅಂಕಿಅಂಶದ ಪುರಾವೆಯಿಲ್ಲ. ಹಾಡಿನ ಸಾಹಿತ್ಯವನ್ನೂ ಆ ಎರಡು ವರ್ಷಗಳ ಸುದ್ದಿಯನ್ನೂ ಎದುರುಬದುರು ಇಟ್ಟು ಓದಿದಾಗ ನನಗೆ ಬೇರೆ ಕಾರಣ ತೋರುವುದಿಲ್ಲ. ರೇಡಿಯೊ ಪ್ರಕಟಣೆ ಹಾಡನ್ನು ಕಿವಿಗೆ ಮುಟ್ಟಿಸಿತು. ಕೊಂಡು ಮನೆಗೆ ಒಯ್ಯುವಂತೆ ಮಾಡಿದ್ದು ಆ ಕಾಲದ ದುಃಖ.

1969ರ ಸೆಪ್ಟೆಂಬರಿನಲ್ಲೇ ಕ್ಯಾಲಿಫೋರ್ನಿಯಾದ ಬಿಗ್ ಸರ್ ಎಂಬಲ್ಲಿ, ಸಮುದ್ರದ ಅಂಚಿನಲ್ಲಿ ಒಂದು ಜಾನಪದ ಉತ್ಸವ ನಡೆಯಿತು. ಜೋನಿ ಮಿಚೆಲ್ ಅಲ್ಲಿ ಈ ಹಾಡನ್ನು ಎತ್ತಿಕೊಂಡಳು, ಡೇವಿಡ್ ಕ್ರಾಸ್ಬಿ, ಸ್ಟೀಫನ್ ಸ್ಟಿಲ್ಸ್, ಗ್ರಹಾಂ ನ್ಯಾಶ್, ಜಾನ್ ಸೆಬಾಸ್ಟಿಯನ್ ಜೊತೆಗೂಡಿದರು. ಆ ಉತ್ಸವದ ಸಾಕ್ಷ್ಯಚಿತ್ರ ಇದೆ. ಅದೇ ಚಿತ್ರದಲ್ಲಿ ಸಭಿಕನೊಬ್ಬ ಕೆಣಕಿದ್ದಕ್ಕೆ ಸ್ಟಿಲ್ಸ್ ಅವನ ಮೇಲೆ ಕೈಮಾಡಲು ಹೋಗುವ, ಉಳಿದವರು ಬಿಡಿಸುವ ದೃಶ್ಯವೂ ಇದೆ. ಇದನ್ನು ಆ ಗಾಯಕರನ್ನು ಹಳಿಯಲು ಬಳಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರೀತಿಸಲು ಯತ್ನಿಸಿ ಎಂಬ ಮಾತು ಕೋಪವೇ ಬಾರದವರಿಗೆ ಬೇಕಿಲ್ಲ.

ಮಾರ್ಟಿ ಬ್ಯಾಲಿನ್ ಹೆಸರು ನೆನಪಿಡಿ ಎಂದಿದ್ದೆ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ರೇಸ್ ಮೈದಾನದಲ್ಲಿ ಲಕ್ಷಗಟ್ಟಲೆ ಜನ ಸೇರಿದ ಉಚಿತ ಸಂಗೀತೋತ್ಸವ. ‘ಹೆಲ್ಸ್ ಏಂಜಲ್ಸ್’ ಎಂಬ ಮೋಟರ್‌ಸೈಕಲ್ ಗುಂಪಿನವರು ವೇದಿಕೆಯ ಸುತ್ತ ಕಾವಲಿಗೆ ನಿಂತಿದ್ದರು. ಜೆಫರ್ಸನ್ ಏರ್‌ಪ್ಲೇನ್ ಹಾಡುತ್ತಿರುವಾಗ ಅವರು ಸಭಿಕನೊಬ್ಬನನ್ನು ಹೊಡೆಯತೊಡಗಿದರು. ಬ್ಯಾಲಿನ್ ಹಾಡು ನಿಲ್ಲಿಸಿ ವೇದಿಕೆಯಿಂದ ಇಳಿದು ಬಿಡಿಸಲು ಹೋದ. ಅವನನ್ನೂ ಹೊಡೆದರು, ಪ್ರಜ್ಞೆ ತಪ್ಪಿ ಬಿದ್ದ. ಅದೇ ದಿನ ಸಂಜೆ, ರೋಲಿಂಗ್ ಸ್ಟೋನ್ಸ್ ನುಡಿಸುತ್ತಿರುವಾಗ, ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಯುವಕ ಇರಿತಕ್ಕೆ ಬಲಿಯಾದ. ಅರವತ್ತರ ದಶಕದ ಕನಸು ಅಲ್ಲಿಗೆ ಸತ್ತಿತು ಎಂದು ಚರಿತ್ರೆಯ ಪುಸ್ತಕಗಳು ಬರೆಯುತ್ತವೆ. ನಾನು ಆ ದಿನದಿಂದ ಎತ್ತಿಕೊಳ್ಳುವುದು ಬ್ಯಾಲಿನ್ ವೇದಿಕೆಯಿಂದ ಇಳಿದ ಆ ಕ್ಷಣವನ್ನು. ಮೂರು ವರ್ಷದ ಹಿಂದೆ ‘ಲೆಟ್ಸ್ ಗೆಟ್ ಟುಗೆದರ್’ ಹಾಡಿದ್ದ ಕಂಠ ಅದು. ಸರಪಳಿ, ಬಿಲಿಯರ್ಡ್ಸ್ ಕೋಲು ಹಿಡಿದು ನಿಂತವರ ನಡುವೆ ಬರಿಗೈಯಲ್ಲಿ ಹೋಗುವಾಗ ಅವನಿಗೆ ಭಯವಾಗಿರದೆ ಇರಲು ಸಾಧ್ಯವಿಲ್ಲ. ಹೋದ. ಹಾಡು ಸೋತಿತು ಎನ್ನುವವರು ಆ ಮೈದಾನದಲ್ಲಿ ಹಾಡಿನ ಮಾತನ್ನು ನಡೆಸಿದ ಈ ಒಬ್ಬನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಡು ಕಟ್ಟಿದವನಿಗೆ ಏನಾಯಿತು? ವ್ಯಾಲೆಂಟಿ ಜೈಲಿನಿಂದ ಹೊರಬಂದ. 1968ರಲ್ಲಿ ಎಪಿಕ್ ಕಂಪನಿಯಿಂದ ಅವನ ಒಂಟಿ ಆಲ್ಬಮ್ ಬಂತು. ಹೊದಿಕೆಯ ಮೇಲೆ ಹೆಸರಿನ ಕಾಗುಣಿತವೇ ಬೇರೆ, ‘ವ್ಯಾಲೆಂಟೆ’ ಎಂದು. ಅವನ ಅತಿ ಪ್ರಸಿದ್ಧ ಹಾಡು ಆ ಆಲ್ಬಮ್ಮಿನಲ್ಲಿಲ್ಲ. ಮುಂದೆ 1970ರಲ್ಲಿ ‘ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್’ ತಂಡ ಸೇರಿ ಅದಕ್ಕೆ ಹಾಡುಗಳನ್ನು ಬರೆದ. ಅವುಗಳಲ್ಲಿ ಕೆಲವಕ್ಕೆ ಕರ್ತೃವಿನ ಹೆಸರು ಜೆಸ್ಸಿ ಓರಿಸ್ ಫ್ಯಾರೋ. ಅದೂ ಅವನದೇ ಇನ್ನೊಂದು ಹೆಸರು. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರದ ದಿನಗಳನ್ನು ಕಷ್ಟದಲ್ಲಿ ಕಳೆದು 1994ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ತೀರಿಕೊಂಡ. ಜೆಸ್ಸಿ ಕಾಲಿನ್ ಯಂಗ್ ತೀರಿಕೊಂಡದ್ದು 2025ರ ಮಾರ್ಚ್‌ನಲ್ಲಿ. ಅವನ ಸಾವಿನ ಸುದ್ದಿಗಳಲ್ಲೆಲ್ಲ ಮೊದಲು ಬಂದ ಹೆಸರು ಈ ಹಾಡಿನದು, ಇನ್ನೊಬ್ಬ ಬರೆದ ಹಾಡಿನದು.

ವ್ಯಾಲೆಂಟಿ ಬದುಕಿದ್ದಾಗಲೇ, 1991ರಲ್ಲಿ, ‘ನಿರ್ವಾಣ’ ತಂಡದ ‘ನೆವರ್‌ಮೈಂಡ್’ ಆಲ್ಬಮ್ ಬಂತು. ಅದರ ಒಂದು ಅಬ್ಬರದ ಹಾಡಿನ ಮೊದಲಿಗೆ ಬಾಸ್ ವಾದಕ ಕ್ರಿಸ್ಟ್ ನೊವೊಸೆಲಿಕ್ ‘ಗೆಟ್ ಟುಗೆದರ್’ ಪಲ್ಲವಿಯನ್ನು ಸ್ವರ ಹಿಡಿಯದೆ, ಗಂಟಲು ಹರಿದು ಕಿರುಚುತ್ತಾನೆ. ಅಣಕವೆಂದೇ ಎಲ್ಲರೂ ಓದಿದ್ದಾರೆ. ನನಗೆ ಅದರಲ್ಲಿ ಅಪ್ಪಂದಿರ ಪೀಳಿಗೆಯನ್ನು ಹಿಡಿದು ಜಗ್ಗಿ ಕೇಳುವ ಸಿಟ್ಟು ಕೇಳಿಸುತ್ತದೆ: ಹಾಡಿದಿರಲ್ಲ, ಮಾಡಿದಿರಾ? ಕೊಟ್ಟ ಮಾತೊಂದು ಇನ್ನೂ ಬಾಕಿ ಇದೆ ಎಂದು ನಂಬಿದವನೇ ಹಾಗೆ ಕಿರುಚಲು ಸಾಧ್ಯ.

ಸಭೆಯ ನಂತರ ಮೂರು ಮುದ್ರಿಕೆಗಳನ್ನು ಕೇಳಿಸಲು ಸಂಘಟಕರು ಒಪ್ಪಿದ್ದಾರೆ. ಮೊದಲು ಕಿಂಗ್‌ಸ್ಟನ್ ಟ್ರಯೊ: ಅಲ್ಲಿ ಭಯದ ಸಾಲುಗಳು ಎಷ್ಟು ಬೇಗ ದಾಟಿಹೋಗುತ್ತವೆ ಗಮನಿಸಿ. ಎರಡನೆಯದು ಜೆಫರ್ಸನ್ ಏರ್‌ಪ್ಲೇನ್: ಸಿಗ್ನಿ ಆಂಡರ್ಸನ್ ಧ್ವನಿಯನ್ನು ಹಿಂಬಾಲಿಸಿ, ಆಕೆ ಮಗು ಹುಟ್ಟಿದ ಮೇಲೆ 1966ರಲ್ಲೇ ತಂಡ ಬಿಟ್ಟಳು, ಆ ಜಾಗಕ್ಕೆ ಗ್ರೇಸ್ ಸ್ಲಿಕ್ ಬಂದಳು, ಹಾಗಾಗಿ ಈ ಮೂವರ ಕಂಠ ಹೀಗೆ ಕೂಡಿ ಕೇಳಸಿಗುವುದು ಅಪರೂಪ. ಕೊನೆಗೆ ಯಂಗ್‌ಬ್ಲಡ್ಸ್. ಅದರ ಸಾಹಿತ್ಯದ ಕನ್ನಡ ಸಾರಾಂಶವನ್ನು ನಿಮ್ಮ ಕುರ್ಚಿಗಳ ಮೇಲೆ ಇಟ್ಟಿದ್ದಾರೆ. ಚರಣಗಳನ್ನು ಯಂಗ್ ಒಬ್ಬನೇ ಹಾಡಿಕೊಳ್ಳಲಿ. ಪಲ್ಲವಿ ಕಲಿಯಲು ಎರಡು ಸಲ ಕೇಳಿದರೆ ಸಾಕು. ಮೂರನೆಯ ಸಲ ಬರುವಾಗ ದನಿಗೂಡಿಸಿ, ಶ್ರುತಿ ತಪ್ಪಿದರೂ ಚಿಂತೆಯಿಲ್ಲ.